ಮಂಗಳವಿಲ್ಲದ ಕಥೆ

ಕಳೆದ ತಿಂಗಳು ಬಂಧುಗಳೊಬ್ಬರ ಮನೆಯ ಗೃಹಪ್ರವೇಶದ ನಿಮಿತ್ತ ನಾವು ಭದ್ರಾವತಿಗೆ ಹೋಗಬೇಕಾಗಿ ಬಂದಿತು. ಕಾರ್ಯವೆಲ್ಲ ಮುಗಿದು, ಪ್ರಸಾದ ಸ್ವೀಕರಿಸಿ, ಸಂಜೆಯ ವೇಳೆಗೆ ಭದ್ರಾ ನದಿಯ ಸೇತುವೆ ದಾಟಿ ಹಳೆನಗರದ ಕಡೆಗೆ ನಡೆದೆವು. ಊರಿನವರ ಬಾಯಲ್ಲಿ ಅದು ಇಂದಿಗೂ ಓಲ್ಡ್ ಟೌನ್. ಅಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ಹಿರಿಯ ತಾಯಿಯೊಬ್ಬರಿದ್ದಾರೆ. ಪತಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಲಿಂಗೈಕ್ಯರಾದರು. ಇಬ್ಬರು ಮಕ್ಕಳು ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಮನೆಯಲ್ಲಿ ಆಕೆ ಒಬ್ಬರೇ.

ನಾವು ಬಾಗಿಲಲ್ಲಿ ನಿಂತಾಗ ಒಳಗಿನಿಂದ ಅತ್ತೆಸೊಸೆಯರ ಜಗಳ ಜೋರಾಗಿ ಕೇಳಿಬರುತ್ತಿತ್ತು. ಒಂದು ಕ್ಷಣ ಹಿಂಜರಿದೆವು. ಅನಂತರ ತಿಳಿಯಿತು, ಅದು ದೂರದರ್ಶನದ ಧಾರಾವಾಹಿ. ಆದರೆ ಆ ತಾಯಿ ಅದನ್ನು ನೋಡುತ್ತಿರಲಿಲ್ಲ. ಪರದೆಗೆ ಬೆನ್ನು ಮಾಡಿ ಕುಳಿತು, ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದರು. ಕುಶಲ ಪ್ರಶ್ನೆಗಳಾದ ಮೇಲೆ, "ನೋಡುವುದಿಲ್ಲವಾದರೆ ಆರಿಸಬಾರದೇ ಅಮ್ಮ?" ಎಂದು ಕೇಳಿದೆವು.

"ಕಥೆಗೇನಪ್ಪ, ಅದು ಹೆಂಗಾದ್ರೂ ಹೋಗ್ಲಿ. ದೀಪ ಹಚ್ಚೋ ಹೊತ್ತಿಗೆ ಮನೇಲಿ ನಾಕು ಜನರ ದನಿ ಕೇಳುತ್ತಲ್ಲ, ಅದಕ್ಕೆ ಹಾಕಿರ್ತೀನಿ" ಎಂದರು.

ಆ ಮಾತು ನಮ್ಮನ್ನು ಊರಿನವರೆಗೂ ಹಿಂಬಾಲಿಸಿ ಬಂದಿತು. ಕಾರಣವಿಷ್ಟೇ. ಹಿಂದೆ ಇದೇ ಅಂಕಣದಲ್ಲಿ ನಾವು ಧಾರಾವಾಹಿಗಳ ಬಗೆಗೆ ಕಟುವಾಗಿ ಬರೆದಿದ್ದೆವು. ಸಂಜೆಯ ಲಿಂಗಪೂಜೆಯ ಹೊತ್ತನ್ನು ಅವು ಕಸಿದುಕೊಂಡವೆಂದೂ, ಮನೆಯ ಹೆಣ್ಣುಮಕ್ಕಳು ಆ ಗುಂಡಿಯನ್ನು ಒತ್ತಿ ಆರಿಸಿಬಿಡಬೇಕೆಂದೂ ಉಪದೇಶಿಸಿದ್ದೆವು. ನಮ್ಮ ಟೀಕೆಯಲ್ಲಿ ಸತ್ಯವಿರಲಿಲ್ಲವೆಂದಲ್ಲ. ಆದರೆ ಸತ್ಯದ ಅರ್ಧಭಾಗವನ್ನು ಮಾತ್ರ ನಾವು ಕಂಡಿದ್ದೆವು ಎಂಬುದು ಈಗ ಅರಿವಾಗುತ್ತಿದೆ. ಆದ್ದರಿಂದ ಕಂತುಕಂತಾಗಿ ಬರುವ ಕಥೆಯ ಏಳುಬೀಳುಗಳನ್ನು ಈ ಬಾರಿ ಮತ್ತೊಮ್ಮೆ ಸಮಾಧಾನದಿಂದ ಅವಲೋಕಿಸೋಣ.

ಕಂತಿನ ಕಥೆ ನಮಗೆ ಹೊಸತೇ?

ಖಂಡಿತ ಅಲ್ಲ. ಶ್ರಾವಣ ಮಾಸ ಬಂದಿತೆಂದರೆ ನಮ್ಮ ಮಠಗಳಲ್ಲಿ ತಿಂಗಳಿಡೀ ಪುರಾಣ ಪ್ರವಚನ ನಡೆಯುವುದು ಎಲ್ಲರೂ ಬಲ್ಲ ಸಂಗತಿ. ಭೀಮಕವಿಯ ಬಸವಪುರಾಣವೋ, ಚಾಮರಸನ ಪ್ರಭುಲಿಂಗಲೀಲೆಯೋ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವೋ, ಒಂದನ್ನು ಹಿಡಿದು ದಿನಕ್ಕಿಷ್ಟು ಎಂದು ಹಾಡಿ ಅರ್ಥ ಹೇಳುವ ಪದ್ಧತಿ. ಬಲ್ಲ ಪ್ರವಚನಕಾರರು ಕಥೆಯನ್ನು ಸರಿಯಾದ ತಿರುವಿನಲ್ಲಿ ನಿಲ್ಲಿಸಿ, "ಮುಂದಿನದು ನಾಳೆ" ಎಂದು ಪುಸ್ತಕ ಮುಚ್ಚುತ್ತಿದ್ದರು. ಮಾಯೆಯು ಅಲ್ಲಮನೆದುರು ನಿಂತ ಗಳಿಗೆಯಲ್ಲಿ ಪ್ರವಚನ ನಿಂತರೆ ಮರುದಿನದ ಸಂಜೆಯವರೆಗೆ ಕೇಳುಗರಿಗೆ ಸಮಾಧಾನವೆಲ್ಲಿಯದು? ಆ ಅಲ್ಲಮನಾದರೋ ನಮ್ಮ ಜಿಲ್ಲೆಯ ಬಳ್ಳಿಗಾವಿಯವನೇ!

ಆದರೆ ಆ ಕಥೆಗೂ ಇಂದಿನ ಕಥೆಗೂ ಒಂದು ದೊಡ್ಡ ಅಂತರವುಂಟು. ಪ್ರವಚನಕ್ಕೆ ಮಂಗಳವೆಂಬುದಿತ್ತು. ತಿಂಗಳು ತುಂಬಿದ ದಿನ ಕಥೆ ಮುಗಿಯುತ್ತಿತ್ತು, ದಾಸೋಹ ನಡೆಯುತ್ತಿತ್ತು. ಕೇಳಿದವರು ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ತಮ್ಮ ತಮ್ಮ ಕಾಯಕಕ್ಕೆ ಮರಳುತ್ತಿದ್ದರು. ಈ ಮಂಗಳದ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಪುರಾಣದ ತರುವಾಯ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳು ಬಂದವು. 1965ರಲ್ಲಿ 'ಸುಧಾ' ವಾರಪತ್ರಿಕೆ ಹೊರಬಂದಿತು. ತ್ರಿವೇಣಿ, ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಮೊದಲಾದ ಲೇಖಕಿಯರು ಮನೆಯೊಳಗಿನ ಹೆಣ್ಣಿನ ಸುಖದುಃಖಗಳನ್ನು ಕಾದಂಬರಿಯ ವಸ್ತುವಾಗಿಸಿ ಓದುಗರನ್ನು ಗಳಿಸಿದ್ದರು. ಒಂದು ಮನೆಗೆ ಬಂದ ಪತ್ರಿಕೆ ಹತ್ತು ಮನೆ ಸುತ್ತಿ, ಕೊನೆಗೆ ಕಂತುಗಳನ್ನು ಕತ್ತರಿಸಿ ಹೊಲಿದ ಪುಸ್ತಕವಾಗಿ ಅಟ್ಟದ ಮೇಲೆ ಸೇರುತ್ತಿತ್ತು. ಅದೇ 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಕೇಂದ್ರವೂ ಆರಂಭವಾಯಿತು. ಮಲೆನಾಡಿನ ಮನೆಮನೆಗಳಲ್ಲಿ ರೇಡಿಯೋ ನಾಟಕಕ್ಕಾಗಿ ಕೆಲಸ ಬೇಗ ಮುಗಿಸಿ ಕುಳಿತವರನ್ನು ಕೇಳಿ ನೋಡಿ, ಕಣ್ಣಿಗೆ ಕಾಣದ ಪಾತ್ರಗಳಿಗಾಗಿ ಅವರು ಎಷ್ಟು ಕಣ್ಣೀರು ಸುರಿಸಿದ್ದಾರೆಂದು ತಿಳಿದೀತು.

ಸಾಬೂನಿನಿಂದ ಹುಟ್ಟಿದ ನಾಟಕ

ಅಮೆರಿಕದಲ್ಲಿಯೂ ದಿನನಿತ್ಯದ ಧಾರಾವಾಹಿ ಹುಟ್ಟಿದ್ದು ರೇಡಿಯೋದಲ್ಲಿಯೇ. 1930ರಲ್ಲಿ ಷಿಕಾಗೋ ನಗರದ ಬಾನುಲಿಯಲ್ಲಿ ಇರ್ನಾ ಫಿಲಿಪ್ಸ್ ಎಂಬ ಮಹಿಳೆ ಬರೆದ 'ಪೇಂಟೆಡ್ ಡ್ರೀಮ್ಸ್' ಎಂಬ ಕಥೆ ಪ್ರಸಾರವಾಯಿತು. ಹಗಲು ಹೊತ್ತಿನಲ್ಲಿ ಮನೆಗೆಲಸದಲ್ಲಿ ತೊಡಗಿದ ಗೃಹಿಣಿಯರೇ ಅದರ ಕೇಳುಗರು. ಗೃಹಿಣಿಯರು ಕೊಳ್ಳುವ ವಸ್ತುಗಳಲ್ಲಿ ಸಾಬೂನು ಮುಖ್ಯವಾದುದಲ್ಲವೇ? ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮೊದಲಾದ ಸಾಬೂನು ಕಂಪನಿಗಳು ಹಣ ಹೂಡಿದವು. ಆದುದರಿಂದಲೇ ಅವಕ್ಕೆ 'ಸೋಪ್ ಆಪೆರಾ' ಎಂಬ ಹೆಸರು ಬಿದ್ದಿತು. ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಕಥೆಯನ್ನು ಯಾರು ಬರೆಸುತ್ತಾರೆ, ಏತಕ್ಕಾಗಿ ಬರೆಸುತ್ತಾರೆ ಎಂಬುದರ ಗುಟ್ಟು ಆ ಹೆಸರಿನಲ್ಲಿಯೇ ಇದೆ.

ಅದೇ ಫಿಲಿಪ್ಸ್ ಅವರ 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ತೊಡಗಿ, 1952ರಲ್ಲಿ ದೂರದರ್ಶನಕ್ಕೆ ಬಂದು, 2009ರ ಸೆಪ್ಟೆಂಬರ್‌ವರೆಗೆ, ಒಟ್ಟು 72 ವರ್ಷಗಳ ಕಾಲ ನಡೆಯಿತು! ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಒಂದೇ ಕಥೆಯನ್ನು ನೋಡಿದರು. ರಾತ್ರಿಯ ನಾಟಕಗಳ ವೈಭವವಂತೂ ಬೇರೆಯೇ. 1978ರಲ್ಲಿ ತೊಡಗಿದ 'ಡಲ್ಲಾಸ್' ಎಂಬ ಎಣ್ಣೆ ವ್ಯಾಪಾರಿ ಕುಟುಂಬದ ಕಥೆಯಲ್ಲಿ ಖಳನಾಯಕನಿಗೆ ಗುಂಡು ಹೊಡೆದವರಾರೆಂಬುದನ್ನು ತಿಂಗಳುಗಟ್ಟಲೆ ಗುಟ್ಟಾಗಿ ಇಟ್ಟು, 1980ರ ನವೆಂಬರ್ 21ರಂದು ಬಯಲು ಮಾಡಿದಾಗ ಎಂಟು ಕೋಟಿಗೂ ಮಿಕ್ಕಿ ಜನರು ನೋಡಿದರಂತೆ. ಮರುವರ್ಷ 'ಜನರಲ್ ಹಾಸ್ಪಿಟಲ್' ಎಂಬ ಹಗಲು ಧಾರಾವಾಹಿಯ ಒಂದು ಮದುವೆಯನ್ನು ನೋಡಿದವರು ಸುಮಾರು ಮೂರು ಕೋಟಿ. ಆ ದೇಶದಲ್ಲಿ ಆಗ ಮುಖ್ಯವಾದ ವಾಹಿನಿಗಳು ಮೂರೇ. ಇಡೀ ದೇಶ ಒಂದೇ ಜಗುಲಿಯ ಮೇಲೆ ಕುಳಿತಂತಿತ್ತು.

ನಮ್ಮಲ್ಲಿ ಬಂದ ಬಗೆ

ಕನ್ನಡ ನಾಡಿನ ಹಳ್ಳಿಗಳಿಗೆ ದೂರದರ್ಶನ ಮೊದಲು ಕಾಲಿಟ್ಟಿದ್ದು ಕಥೆ ಹೇಳಲು ಅಲ್ಲ, ಪಾಠ ಹೇಳಲು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಶಿಕ್ಷಣ ಪ್ರಸಾರದ ಪ್ರಯೋಗ ನಡೆಯಿತು. ನಮ್ಮಲ್ಲಿ ಅದಕ್ಕೆ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಶರಣರ ನೆಲದ ರೈತರು ಊರ ನಡುವೆ ಇಟ್ಟ ಒಂದೇ ಪೆಟ್ಟಿಗೆಯ ಮುಂದೆ ಕುಳಿತು ಬೇಸಾಯ, ಆರೋಗ್ಯಗಳ ಮಾತು ಕೇಳಿದರು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು.

1984ರ ಜುಲೈ 7ರಂದು ದೆಹಲಿಯಿಂದ 'ಹಮ್ ಲೋಗ್' ಎಂಬ ಹಿಂದಿ ಧಾರಾವಾಹಿ ತೊಡಗಿತು. ಕುಟುಂಬ ಯೋಜನೆ, ಹೆಣ್ಣಿನ ಸ್ಥಾನಮಾನ ಮೊದಲಾದ ವಿಷಯಗಳನ್ನು ಕಥೆಯೊಳಗೆ ಹೆಣೆದು ಹೇಳುವ ಮೆಕ್ಸಿಕೋ ದೇಶದ ಮಾದರಿ ಅದಕ್ಕೆ ಪ್ರೇರಣೆಯಾಗಿತ್ತು. ಆದರೆ ಪ್ರಾಯೋಜಕರಾಗಿ ನಿಂತದ್ದು ಎರಡೇ ನಿಮಿಷದಲ್ಲಿ ಬೇಯುವ ಮ್ಯಾಗಿ ಶ್ಯಾವಿಗೆ. ಅಲ್ಲಿ ಸಾಬೂನು, ಇಲ್ಲಿ ಶ್ಯಾವಿಗೆ! 1987ರ ಜನವರಿಯಲ್ಲಿ 'ರಾಮಾಯಣ' ಬಂದಾಗ ಭಾನುವಾರ ಬೆಳಿಗ್ಗೆ ಬೀದಿಗಳು ಬರಿದಾದವು. ಪೆಟ್ಟಿಗೆ ಇದ್ದ ಮನೆಯ ಹಜಾರದಲ್ಲಿ ಓಣಿಯೇ ಸೇರುತ್ತಿತ್ತು. ಚಪ್ಪಲಿಗಳ ರಾಶಿ ನೋಡಿದರೆ ಯಾವುದೋ ಮದುವೆ ಎನ್ನಬೇಕು.

ನಮ್ಮ ಜಿಲ್ಲೆಗೆ ಸಂದ ಗೌರವವೂ ಆ ಕಾಲದ್ದೇ. ಆರ್. ಕೆ. ನಾರಾಯಣರ ಕಥೆಗಳನ್ನಾಧರಿಸಿ ಶಂಕರನಾಗ್ ಅವರು ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಚಿತ್ರೀಕರಣಗೊಂಡುದು ಆಗುಂಬೆಯಲ್ಲಿ. ಅಲ್ಲಿನ ಹಳೆಯ ದೊಡ್ಡಮನೆ, ಅರಸಾಳಿನ ಪುಟ್ಟ ರೈಲು ನಿಲ್ದಾಣ ದೇಶದ ಮನೆಮನೆಗೆ ಪರಿಚಿತವಾದವು. 2020ರಲ್ಲಿ ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡವನ್ನು ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಲಾಯಿತು. ಕೂಗಾಟವಿಲ್ಲ, ಕೇಡಿನ ಸಂಚಿಲ್ಲ. ಹೇಳಬೇಕಾದುದನ್ನು ಹೇಳಿ ಮುಗಿಸಿದ್ದರಿಂದಲೇ ಜನ ಅದನ್ನು ಇನ್ನೂ ಮರೆತಿಲ್ಲವೆಂದು ನಾವು ಭಾವಿಸುತ್ತೇವೆ.

ಕನ್ನಡದಲ್ಲಿ 'ಸಿಹಿ ಕಹಿ', ಸದಾನಂದ ಸುವರ್ಣರ 'ಗುಡ್ಡದ ಭೂತ' ಮೊದಲಾದವು ದಾರಿ ತೋರಿದವು. 1998ರಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರ 'ಮಾಯಾಮೃಗ' ಬೆಂಗಳೂರು ದೂರದರ್ಶನದಲ್ಲಿ ಪ್ರಸಾರವಾದಾಗ ದಿನನಿತ್ಯದ ಧಾರಾವಾಹಿಯೂ ಸಾಹಿತ್ಯದಂತೆ ಗಂಭೀರವಾಗಿರಬಲ್ಲುದೆಂಬ ನಂಬಿಕೆ ಮೂಡಿತು. ನೌಕರಿ, ಸಾಲ, ಮದುವೆ, ಆತ್ಮಗೌರವ ಇವೇ ಅದರ ವಸ್ತು. ನಮ್ಮ ಪಕ್ಕದ ಮನೆಯವರೇ ಪಾತ್ರಗಳು.

1994ರಲ್ಲಿ ಉದಯ ಟಿವಿ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಹೀಗೆ ಖಾಸಗಿ ವಾಹಿನಿಗಳು ಬಂದವು. ಆರಂಭದಲ್ಲಿ ಒಳ್ಳೆಯ ಬೆಳೆಯೇ ಬಂದಿತು. ಈಟಿವಿಯಲ್ಲಿ ಸೀತಾರಾಮರ 'ಮನ್ವಂತರ', 'ಮುಕ್ತ'. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರು ಭೈರಪ್ಪನವರ ಕಾದಂಬರಿಯನ್ನಾಧರಿಸಿ ಮಾಡಿದ 'ಗೃಹಭಂಗ'. ವೈಶಾಲಿ ಕಾಸರವಳ್ಳಿಯವರ ನಿರ್ದೇಶನದ 'ಮೂಡಲಮನೆ'. ಈ ಕೊನೆಯದರಲ್ಲಿ ಉತ್ತರ ಕರ್ನಾಟಕದ ಆಡುಮಾತು ಕಿರುತೆರೆಯ ಮೇಲೆ ಮರ್ಯಾದೆಯಿಂದ ಕೇಳಿಸಿದಾಗ ಆ ಕಡೆಯ ನಮ್ಮ ಓದುಗರು ಎಷ್ಟು ಹಿಗ್ಗಿದ್ದರು!

ಹೆಚ್ಚಿಗೆಯ ಅಕ್ಕಿ

ಹಾಗಾದರೆ ಕೆಟ್ಟದ್ದೆಲ್ಲಿ? ವಾರಕ್ಕೊಮ್ಮೆ ಬರುತ್ತಿದ್ದ ಕಥೆ ವಾರಕ್ಕೆ ಐದು ದಿನ, ಆರು ದಿನ ಬರತೊಡಗಿತು. ಎಷ್ಟು ಜನ ನೋಡಿದರೆಂಬ ಲೆಕ್ಕ ವಾರವಾರವೂ ಬರುತ್ತದೆ. ಈಗ ಅದು ಗುರುವಾರದ ತೀರ್ಪು. ಆ ಅಂಕ ಏರಿದರೆ ಕಥೆ ಮುಗಿಯುವಂತಿಲ್ಲ, ಇಳಿದರೆ ಬದುಕುವಂತಿಲ್ಲ. ಏರಿದ ಕಥೆಯನ್ನು ಹಿಗ್ಗಿಸಲು ಸತ್ತವರು ಎದ್ದು ಬರಬೇಕು, ಬೆಟ್ಟದಿಂದ ಬಿದ್ದವಳು ನೆನಪು ಕಳೆದುಕೊಂಡು ಇನ್ನೊಂದು ಮನೆ ಸೇರಬೇಕು, ಅತ್ತೆ ಹಾಲಿನಲ್ಲಿ ವಿಷ ಬೆರೆಸಬೇಕು. ಬರೆಯುವವರಿಗೆ ಕಲ್ಪನೆಯ ಬಡತನವೆಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅದು ಲೆಕ್ಕಾಚಾರದ ಬಿಗಿ. ಇಂದಿನ ಕಂತು ಇಂದೇ ಚಿತ್ರೀಕರಣವಾಗಿ ನಾಳೆಯೋ ನಾಡಿದ್ದೋ ಪ್ರಸಾರವಾಗಬೇಕಾದಲ್ಲಿ ಯೋಚಿಸಲು ಹೊತ್ತೆಲ್ಲಿ? 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣದಿಂದ ಚಿತ್ರೀಕರಣ ನಿಂತಾಗ ಕೆಲವೇ ದಿನಗಳಲ್ಲಿ ಹೊಸ ಕಂತುಗಳು ಬರಿದಾದುದನ್ನು ಎಲ್ಲರೂ ಕಂಡರು. ಆಗ ದೂರದರ್ಶನದಲ್ಲಿ ಮತ್ತೆ ಹಳೆಯ ರಾಮಾಯಣವೇ ಬಂದಿತು. ಕನ್ನಡಕ್ಕೆ ಡಬ್ಬಿಂಗ್ ಆದ ಮಹಾಭಾರತವೂ ಖಾಸಗಿ ವಾಹಿನಿಯಲ್ಲಿ ಪ್ರಸಾರವಾಯಿತು.

ಇಲ್ಲಿ ನಮಗೆ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ನೆನಪಾಗುತ್ತದೆ. ಕಲ್ಯಾಣದ ಬೀದಿಯಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮ ಸಂತೋಷಪಡಲಿಲ್ಲ. ಹೆಚ್ಚಿನದನ್ನು ಮರಳಿ ಅಲ್ಲಿಯೇ ಚೆಲ್ಲಿ ಬನ್ನಿ ಎಂದು ಪತಿಯನ್ನು ಕಳುಹಿಸಿದರು. ಗಂಡಹೆಂಡಿರ ನಡುವಣ ಇದಕ್ಕಿಂತ ಹಿರಿದಾದ ನಾಟಕ ಯಾವುದಿದೆ? ಇಲ್ಲಿ ವಿಷವಿಲ್ಲ, ಸಂಚಿಲ್ಲ, ಆದರೂ ಎದೆ ನಡುಗಿಸುವ ಘರ್ಷಣೆಯಿದೆ. ಇಷ್ಟಕ್ಕೂ ಜಯ ಹೆಂಡತಿಯ ವಿವೇಕದ್ದು. ನಮ್ಮದೇ ಜಿಲ್ಲೆಯ ಉಡುತಡಿಯ ಅಕ್ಕಮಹಾದೇವಿ ಅರಮನೆಯನ್ನೇ ತೊರೆದು ನಡೆದವಳು. ಇಂಥ ಹೆಣ್ಣುಗಳ ನಾಡಿನಲ್ಲಿ ಕಿರುತೆರೆಯ ಹೆಣ್ಣು ಅಳುವವಳು, ಇಲ್ಲವೇ ಅಳಿಸುವವಳು ಎಂಬ ಎರಡೇ ಬಗೆಯಾಗಿ ಉಳಿದುದು ವಿಷಾದದ ಸಂಗತಿ. ಧಾರಾವಾಹಿಯ ರೋಗವೂ ಆ ಹೆಚ್ಚಿಗೆಯ ಅಕ್ಕಿಯದೇ. ಹಸಿವಿಗೆ ಬೇಕಾದುದಕ್ಕಿಂತ ಹೆಚ್ಚು ಆಯ್ದು ತಂದು ರಾಶಿ ಹಾಕಿದ್ದಾಗಿದೆ. ಚೆಲ್ಲಿ ಬನ್ನಿ ಎನ್ನುವವರಿಲ್ಲ.

ಇಳಿತದ ಪಾಠ

ಅಮೆರಿಕದಲ್ಲಿ ಆ ಇಳಿತ ಆಗಿಹೋಗಿದೆ. ಅಲ್ಲಿನ ಗೃಹಿಣಿಯರು ಹೊರಗಿನ ಕೆಲಸಕ್ಕೆ ಹೋಗತೊಡಗಿದರು, ಹಗಲು ಮನೆಯಲ್ಲಿ ನೋಡುವವರಿಲ್ಲದಾದರು. ಮೂರು ವಾಹಿನಿಗಳಿದ್ದಲ್ಲಿ ನೂರಾರು ಬಂದವು. 1995ರಲ್ಲಿ ಪ್ರಸಿದ್ಧ ಆಟಗಾರನೊಬ್ಬನ ಕೊಲೆ ವಿಚಾರಣೆಯನ್ನು ತಿಂಗಳುಗಟ್ಟಲೆ ನೇರವಾಗಿ ತೋರಿಸಿದಾಗ ಧಾರಾವಾಹಿಯ ರೂಢಿ ತಪ್ಪಿದವರು ಅನೇಕರು ಮತ್ತೆ ಮರಳಲಿಲ್ಲ. ಕಡಿಮೆ ಖರ್ಚಿನ ಮಾತುಕತೆಯ ಕಾರ್ಯಕ್ರಮಗಳು ಆ ಜಾಗಕ್ಕೆ ಬಂದವು. 1956ರಲ್ಲಿ ತೊಡಗಿದ 'ಆ್ಯಸ್ ದಿ ವರ್ಲ್ಡ್ ಟರ್ನ್ಸ್' 2010ರಲ್ಲಿ ನಿಂತಿತು. 1965ರಿಂದ ಬರುತ್ತಿದ್ದ 'ಡೇಸ್ ಆಫ್ ಅವರ್ ಲೈವ್ಸ್' 2022ರಲ್ಲಿ ವಾಹಿನಿಯನ್ನು ಬಿಟ್ಟು ಅಂತರ್ಜಾಲದ ಪಾಲಾಯಿತು. ಬಹು ವರ್ಷಗಳ ಅನಂತರ 2025ರಲ್ಲಿ ಒಂದು ಹೊಸ ಹಗಲು ಧಾರಾವಾಹಿ ಆರಂಭವಾದುದೇ ಅಲ್ಲಿ ದೊಡ್ಡ ಸುದ್ದಿಯಾಯಿತು.

ನಮ್ಮಲ್ಲಿ ಇನ್ನೂ ಹಾಗಾಗಿಲ್ಲ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಕನ್ನಡ ವಾಹಿನಿಗಳಲ್ಲಿ ಧಾರಾವಾಹಿಗಳದೇ ರಾಜ್ಯಭಾರ. ಆದರೆ ನೋಡುವ ಮನೆ ಒಳಗಿನಿಂದ ಚದುರಿದೆ. ಹಜಾರದಲ್ಲಿ ಅಜ್ಜಿ, ಕೋಣೆಯಲ್ಲಿ ಮೊಬೈಲ್ ಹಿಡಿದ ಮೊಮ್ಮಗ, ಅಡುಗೆಮನೆಯ ಕಟ್ಟೆಗೆ ಮೊಬೈಲ್ ಒರಗಿಸಿಕೊಂಡು ಅದೇ ಧಾರಾವಾಹಿಯನ್ನು ತನ್ನ ಬಿಡುವಿಗೆ ನೋಡುವ ಸೊಸೆ. ಕಥೆಗಳು ಹೆಚ್ಚಿವೆ, ಒಟ್ಟಿಗೆ ಕುಳಿತು ಕೇಳುವವರು ಇಲ್ಲವಾಗಿದ್ದಾರೆ. ಅಂದು ಧಾರಾವಾಹಿಯನ್ನು ಬೈದ ನಾವು ಇಂದು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಅದರ ಕಾಲದಲ್ಲಿ ಕನಿಷ್ಠ ಪಕ್ಷ ಮನೆಯವರೆಲ್ಲ ಒಂದೇ ಕೋಣೆಯಲ್ಲಿ ಕುಳಿತು, ಒಂದೇ ಕಥೆಗೆ ಸಿಟ್ಟಾಗುತ್ತಿದ್ದರು. "ಆ ಹುಡುಗಿ ಹಾಗೆ ಮಾಡಬಾರದಿತ್ತು" ಎಂದು ಅತ್ತೆ ಅಂದರೆ, "ಮತ್ತೇನು ಮಾಡಬೇಕಿತ್ತು ಅತ್ತೆ?" ಎಂದು ಸೊಸೆ ಕೇಳುತ್ತಿದ್ದಳು. ತಮ್ಮ ಮನೆಯ ಮಾತನ್ನು ನೇರವಾಗಿ ಆಡಲಾರದವರು ಪರದೆಯ ಪಾತ್ರಗಳ ನೆಪದಲ್ಲಿ ಆಡಿ ಹಗುರಾಗುತ್ತಿದ್ದರು. ಇದನ್ನು ನಾವು ಅಂದು ಗಮನಿಸಲಿಲ್ಲ.

ಓಲ್ಡ್ ಟೌನಿನ ಆ ತಾಯಿಯ ಕೊರತೆ ಕಥೆಯದಲ್ಲ, ದನಿಯದು. ಭದ್ರಾವತಿಯಂಥ ಕಾರ್ಖಾನೆಯ ಊರಿನಲ್ಲಿ ಇಂಥ ಮನೆಗಳು ಒಂದೆರಡಲ್ಲ. ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯ ಭವಿಷ್ಯ ತೂಗುಯ್ಯಾಲೆಯಲ್ಲಿಯೇ ನಡೆದು ಬಂದಿದೆ. ದುಡಿಯುವ ವಯಸ್ಸಿನವರು ಊರು ಬಿಟ್ಟರು, ದುಡಿದು ದಣಿದವರು ಉಳಿದರು. ಅವರ ಸಂಜೆಯನ್ನು ಯಾರೋ ನಟನಟಿಯರು ತುಂಬುತ್ತಿದ್ದಾರೆ. ಅಂಥವರಿಗೆ ಗುಂಡಿ ಆರಿಸಿರೆಂದು ಉಪದೇಶಿಸಲು ನಮಗೇನು ಅಧಿಕಾರ?

ಆದ್ದರಿಂದ ಓದುಗ ಬಂಧುಗಳಲ್ಲಿ ಈ ಬಾರಿ ನಮ್ಮ ವಿನಂತಿ ಬೇರೆಯದು. ದೂರದಲ್ಲಿರುವ ಮಕ್ಕಳು ಸಂಜೆ ದೀಪ ಹಚ್ಚುವ ಹೊತ್ತಿಗೆ ತಾಯಿಗೊಮ್ಮೆ ದೂರವಾಣಿ ಮಾಡಲಿ. ಧಾರಾವಾಹಿಯ ಕಥೆ ಎಲ್ಲಿಗೆ ಬಂತು ಎಂದಾದರೂ ಕೇಳಲಿ, ಮಾತು ಅಲ್ಲಿಂದ ಎಲ್ಲಿಗೋ ಹರಿಯುತ್ತದೆ. ಜೊತೆಯಲ್ಲಿಯೇ ಇರುವವರು ವಾರಕ್ಕೊಂದು ಸಂಜೆಯಾದರೂ ಮೊಬೈಲ್‌ಗಳನ್ನು ಬದಿಗಿಟ್ಟು ಹಿರಿಯರ ಪಕ್ಕದಲ್ಲಿ ಕುಳಿತು ಅವರು ನೋಡುವುದನ್ನೇ ನೋಡಲಿ. ಊರೂರಿನ ಅಕ್ಕನ ಬಳಗದವರು ಒಂಟಿಯಾಗಿರುವ ತಾಯಂದಿರ ಮನೆಯಲ್ಲಿಯೇ ಸರದಿಯಂತೆ ವಚನ ಓದುವ ಏರ್ಪಾಡು ಮಾಡಿಕೊಂಡರೆ ಇನ್ನೂ ಲೇಸು. ಮಠದ ಪ್ರವಚನಕ್ಕೆ ನಡೆದು ಬರಲಾರದವರ ಬಳಿಗೆ ಪ್ರವಚನವೇ ನಡೆದು ಹೋಗಲಿ.

ಅಂದು ನಾವು ಹೊರಡಲು ಎದ್ದಾಗ ಆ ತಾಯಿ, "ಇನ್ನೊಂದು ಗಳಿಗೆ ಕೂತು ಹೋಗ್ರಪ್ಪ, ಬಸ್ಸು ಬೇಕಾದಷ್ಟಿವೆ" ಎಂದರು. ಕುಳಿತೆವು. ಆಕೆ ಎದ್ದು ಹೋಗಿ ದೂರದರ್ಶನವನ್ನು ತಾವಾಗಿಯೇ ಆರಿಸಿದರು. ರಾತ್ರಿ ಎಂಟರವರೆಗೆ ಮಾತು ನಡೆಯಿತು. ಪರದೆಯ ನೆನಪು ಇಬ್ಬರಿಗೂ ಬರಲಿಲ್ಲ.

ಶರಣು ಶರಣಾರ್ಥಿ.